ಮಾತು ಬಿಟ್ಟವರ ವಂಶಾವಳಿ

ಒಂದು ತಪ್ಪೊಪ್ಪಿಗೆ ಮೊದಲೇ ಮಾಡಿಬಿಡುತ್ತೇನೆ. ಅರವತ್ತು ವರ್ಷಗಳಿಂದ ಬೈಬಲ್ ಓದುತ್ತಿದ್ದೇನೆ. ಆದರೆ ನಾಲ್ಕು ಜನರ ನಡುವೆ ಕೂತು ಓದುವಾಗ, ನನ್ನ ಪಾಲಿಗೆ ಬಂದ ವಚನವೊಂದನ್ನು ಬಿಟ್ಟರೆ ಬೇರೆ ಯಾವುದನ್ನೂ ನಾನು ಈವರೆಗೆ ಕೇಳಿಸಿಕೊಂಡಿಲ್ಲ.

ನಮ್ಮಲ್ಲಿ ಮನೆಪ್ರಾರ್ಥನೆ ಅಂದರೆ ಹೀಗೆ. ಜಮಖಾನೆ ಹಾಸಿ, ಕುರ್ಚಿಗಳನ್ನು ಗೋಡೆಗೆ ಸರಿಸಿ, ಹತ್ತು ಹನ್ನೆರಡು ಜನ ಸುತ್ತಲೂ ಕೂರುತ್ತೇವೆ. ಅಯ್ಯನವರು, ಅಂದರೆ ನಮ್ಮ ಸಭೆಯ ಪಾದ್ರಿಗಳು, ಒಂದು ಅಧ್ಯಾಯ ಹೇಳುತ್ತಾರೆ. ಒಬ್ಬರಾದ ಮೇಲೆ ಒಬ್ಬರು ಒಂದೊಂದು ವಚನ ಓದಬೇಕು. ಅಧ್ಯಾಯದ ಸಂಖ್ಯೆ ಕಿವಿಗೆ ಬಿದ್ದದ್ದೇ ತಡ, ನಾನು ತಲೆ ಎಣಿಸಲು ಶುರುಮಾಡುತ್ತೇನೆ. ಅಯ್ಯನವರು ಒಂದು, ಪಕ್ಕದ ನರ್ಸಮ್ಮ ಎರಡು, ಹೀಗೆ ಎಣಿಸಿ ನನಗೆ ಒಂಬತ್ತನೆಯದು ಬರುತ್ತದೆಂದು ಖಚಿತ ಮಾಡಿಕೊಳ್ಳುತ್ತೇನೆ. ಅದರಲ್ಲಿ ನಾಲಿಗೆ ತೊಡರುವ ಹೆಸರೇನಾದರೂ ಇದೆಯೋ ನೋಡಿ, ಮನಸ್ಸಿನಲ್ಲೇ ಎರಡು ಸಲ ಓದಿಕೊಳ್ಳುತ್ತೇನೆ. ಅಷ್ಟರಲ್ಲಿ ಮೊದಲ ಎಂಟು ವಚನಗಳಲ್ಲಿ ದೇವರು ಊರನ್ನೇ ಸುಟ್ಟಿರಬಹುದು, ಸಮುದ್ರವನ್ನೇ ಸೀಳಿರಬಹುದು, ನನಗೆ ಸುದ್ದಿಯೇ ಇಲ್ಲ. ನನ್ನ ಸರದಿ ಮುಗಿದ ಮೇಲಂತೂ ಮೂಗು ಒಲೆಯ ಮೇಲಿನ ಚಹಾದ ಕಡೆ ಹೋಗಿರುತ್ತದೆ. ನಾನೊಬ್ಬನೇ ಹೀಗೆ ಅಂದುಕೊಂಡಿದ್ದೆ. ಒಂದು ದಿನ ತಲೆ ಎತ್ತಿ ನೋಡಿದರೆ ಎಲ್ಲರ ತುಟಿಯೂ ಅಲ್ಲಾಡುತ್ತಿತ್ತು.

ಅಪ್ಪಿತಪ್ಪಿ ಒಂದು ಎಚ್ಚರಿಕೆಯ ಮಾತು ಕಿವಿಗೆ ಬಿದ್ದರೂ ಅದು ನಮ್ಮದಲ್ಲ ಬಿಡಿ. ದುರಾಸೆಯ ವಚನ ಬಂದರೆ ಕಣ್ಣುಗಳು ಒಬ್ಬರ ಕಡೆ ಸರಿಯುತ್ತವೆ, ಚಾಡಿಯ ವಚನ ಬಂದರೆ ಇನ್ನೊಬ್ಬರ ಕಡೆ. ಗರ್ವದ ವಚನ ಬಂದಾಗ ನನ್ನ ಹೆಂಡತಿ ಸುಶೀಲಾ ನನ್ನನ್ನೇ ನೋಡುತ್ತಾಳೆ. ನಾನು ಅಯ್ಯನವರನ್ನು ನೋಡುತ್ತೇನೆ. ಇನ್ನು ನನ್ನ ಕಸುಬು ಕೇಳಿದರೆ ನಗುತ್ತೀರಿ. ಧಾರವಾಡದ ಸಾಲಿಯೊಂದರಲ್ಲಿ ನಾನು ಮೂವತ್ತು ವರ್ಷ ಇತಿಹಾಸ ಕಲಿಸಿದವನು. ಪ್ರತಿ ಜೂನ್ ತಿಂಗಳ ಮೊದಲ ಪಾಠಕ್ಕೆ ಹಲಗೆಯ ಮೇಲೆ 'ನಾವು ಇತಿಹಾಸ ಏಕೆ ಓದಬೇಕು?' ಎಂದು ಬರೆದು, 'ಹಿಂದಿನವರ ತಪ್ಪುಗಳಿಂದ ಪಾಠ ಕಲಿಯಲು' ಎಂಬ ಉತ್ತರವನ್ನೂ ನಾನೇ ಬರೆಯುತ್ತಿದ್ದೆ. ಹುಡುಗರು ಅದನ್ನು ಬಾಯಿಪಾಠ ಮಾಡಿ ಅಂಕ ಪಡೆದರು. ಮಾಸ್ತರಿಗೆ ಯಾರೂ ಪರೀಕ್ಷೆ ಇಡಲಿಲ್ಲ.

ಬೈಬಲ್ಲಿನಲ್ಲಿ ವಂಶಾವಳಿಗಳು ಬಹಳ. ಇವನು ಅವನನ್ನು ಪಡೆದನು, ಅವನು ಇನ್ನೊಬ್ಬನನ್ನು ಪಡೆದನು ಎಂದು ಪುಟಗಟ್ಟಲೆ ನಡೆಯುತ್ತದೆ. ನಮ್ಮ ಮನೆತನದ ವಂಶಾವಳಿ ಬರೆಯಲು ಕೂತರೆ ಯಾರು ಯಾರನ್ನು ಪಡೆದರು ಎನ್ನುವುದಕ್ಕಿಂತ ಯಾರು ಯಾರ ಜೊತೆ ಮಾತು ಬಿಟ್ಟರು ಎಂದು ಬರೆಯುವುದು ಸುಲಭ. ನಾವು ಜಗಳಾಡುವವರಲ್ಲ. ಬೈಗುಳ ನಮಗೆ ಬರುವುದಿಲ್ಲ, ಕೈ ಎತ್ತುವ ಮಾತಂತೂ ದೂರ. ಸಿಟ್ಟು ಬಂತೋ, ಮಾತು ಬಂದ್. ಅಷ್ಟೇ.

ನನ್ನ ಅಜ್ಜ ಉಪದೇಶಿ. ಧಾರವಾಡದ ಸುತ್ತಲಿನ ಹಳ್ಳಿಗಳಿಗೆ ನಡೆದುಕೊಂಡೇ ಹೋಗಿ, ವೈರಿಯನ್ನೂ ಪ್ರೀತಿಸಿರಿ ಎಂದು ಬೋಧಿಸಿ ಬರುತ್ತಿದ್ದ. ಪಕ್ಕದ ಮನೆಯಲ್ಲಿ ಅವನ ಸ್ವಂತ ಅಣ್ಣ ಇದ್ದ, ಬಡಿಗ. ನಾವು ಅವನಿಗೆ ದೊಡ್ಡಜ್ಜ ಅನ್ನುತ್ತಿದ್ದೆವು. ಎರಡು ಹೆಂಚಿನ ಮನೆಗಳಿಗೂ ಗೋಡೆ ಒಂದೇ, ಬಾವಿ ಒಂದೇ. ನಡುವೆ ಒಂದು ಪೇರಲ ಗಿಡ. ಬೇರು ಅಜ್ಜನ ಕಡೆ, ಹಣ್ಣು ದೊಡ್ಡಜ್ಜನ ಕಡೆ. ಏಸಾವ ಅನ್ನುವವನು ಒಂದು ಬಟ್ಟಲು ಬೇಳೆಯ ಸಾರಿಗೆ ತನ್ನ ಹಿರಿತನವನ್ನೇ ತಮ್ಮನಿಗೆ ಬಿಟ್ಟುಕೊಟ್ಟ ಕಥೆಯನ್ನು ಅಜ್ಜ ಹಳ್ಳಿಹಳ್ಳಿಯಲ್ಲಿ ಹೇಳಿದ್ದ. ತಾನು ಮಾತ್ರ ಒಂದು ಬುಟ್ಟಿ ಪೇರಲ ಹಣ್ಣಿಗೆ ಅಣ್ಣನನ್ನೇ ಬಿಟ್ಟ.

ಒಂದೇ ಬಾವಿ ಅಂದಮೇಲೆ ವ್ಯವಹಾರದ ಮಾತು ಇರಲೇಬೇಕಲ್ಲ? ಅದಕ್ಕೆ ಅಂಗಳದಲ್ಲಿ ಕಟ್ಟಿದ್ದ ಆಡು ಇತ್ತು. ಅಜ್ಜ ಅದರ ಮುಂದೆ ನಿಂತು ಗಟ್ಟಿಯಾಗಿ, "ಏ ಆಡ, ಬಾವಿ ಹಗ್ಗ ಹರಿಯೋ ಹಂಗ ಆಗೇತಿ, ಕೊಡಾ ಬಿಡೋರು ನೋಡಿ ಬಿಡ್ರಿ ಅಂತ ಹೇಳು" ಅನ್ನುತ್ತಿದ್ದ. ಗೋಡೆಯ ಆಚೆಯಿಂದ ದೊಡ್ಡಜ್ಜ, "ಹೊಸಾ ಹಗ್ಗ ನಿನ್ನೇನ ತಂದಿಟ್ಟೇನಿ ಅಂತ ಹೇಳಾ ಆಡ" ಅನ್ನುತ್ತಿದ್ದ. ಆಡು ಮೇಯುತ್ತಾ ನಿಂತಿರುತ್ತಿತ್ತು. ಆಡು ಸತ್ತಾಗ ಎರಡೂ ಮನೆಯವರು ಬಹಳ ಪೇಚಾಡಿದರಂತೆ. ಆಮೇಲೆ ಇನ್ನೊಂದು ತಂದರು.

ಇಲ್ಲಿಯವರೆಗೆ ನಗು ಬರುತ್ತದೆ, ಮುಂದಿನದಕ್ಕೆ ಬರುವುದಿಲ್ಲ. ದೊಡ್ಡಜ್ಜ ಹಾಸಿಗೆ ಹಿಡಿದಾಗ, ತಮ್ಮನನ್ನು ಕರೆಯಿರಿ ಎಂದು ಹೇಳಿಕಳಿಸಿದ. ಅಜ್ಜ ಕೋಟು ತೊಟ್ಟು, ಬೈಬಲ್ಲನ್ನು ಕಂಕುಳಲ್ಲಿಟ್ಟುಕೊಂಡು ಅವನ ಬಾಗಿಲವರೆಗೂ ಹೋದ. ಒಳಗೆ ಯಾರೊಂದಿಗೋ ದೊಡ್ಡಜ್ಜ ನಗುತ್ತಾ ಮಾತಾಡುವುದು ಕೇಳಿಸಿತು. ಅಷ್ಟೇನೂ ಜಡ್ಡಿಲ್ಲ, ಅವನೇ ಎದ್ದು ಬಂದು ಕ್ಷಮೆ ಕೇಳಲಿ ಅಂದುಕೊಂಡು ಮೆಟ್ಟಿಲಿನಿಂದಲೇ ತಿರುಗಿ ಬಂದ. ಮರುದಿನ ಬೆಳಕು ಹರಿಯುವ ಮೊದಲೇ ದೊಡ್ಡಜ್ಜ ತೀರಿಕೊಂಡ. ಆಮೇಲೆ ಅಜ್ಜ ಅಣ್ಣತಮ್ಮಂದಿರ ಕಥೆ ಎಲ್ಲೂ ಬೋಧಿಸಲಿಲ್ಲವಂತೆ.

ಈ ಸಂಗತಿಯನ್ನು ನಮ್ಮ ಅಪ್ಪ ಎಷ್ಟು ಸಲ ಹೇಳಿದ್ದಾನೋ! ಹೇಳುವಾಗ ಪ್ರತಿಸಲವೂ ಕಣ್ಣು ಒದ್ದೆ. "ಹಂಗ ಆಗಬಾರದು ನೋಡ್ರೋ" ಅನ್ನುತ್ತಿದ್ದ. ಅದೇ ಅಪ್ಪ, ನನ್ನ ಮದುವೆಯ ಪಾಯಸ ನೀರಾಗಿತ್ತು ಅಂದಳೆಂದು ಗದಗಿನಲ್ಲಿದ್ದ ತನ್ನ ತಂಗಿಯ ಜೊತೆ ಹನ್ನೊಂದು ವರ್ಷ ಮಾತಾಡಲಿಲ್ಲ. ಪಾಯಸ ನಿಜಕ್ಕೂ ನೀರಾಗಿತ್ತು.

ಇದೇ ನನಗೆ ಸೋಜಿಗ. ಹಿಂದಿನವರಿಗೆ ನಡೆದದ್ದೆಲ್ಲ ನಮಗೆ ಎಚ್ಚರಿಕೆಯಾಗಲಿ ಎಂದೇ ಬರೆದಿಟ್ಟಿದೆ ಎಂದು ಬೈಬಲ್ ಹೇಳುತ್ತದೆ. ದೇವರು ದಾಸ್ಯದಿಂದ ಬಿಡಿಸಿ ತಂದ ಮೇಲೆ ಅರಣ್ಯದಲ್ಲಿ ನಲವತ್ತು ವರ್ಷ ಅಲೆದ ಆ ಜನರನ್ನೇ ನೋಡಿ. ಅಪ್ಪಂದಿರು ನೀರಿಲ್ಲವೆಂದು ಗೊಣಗಿ ಕೆಟ್ಟರು. ಆ ಕಥೆ ಕೇಳುತ್ತಲೇ ಬೆಳೆದ ಮಕ್ಕಳು ಮತ್ತೊಂದು ಕಡೆ ನೀರಿಲ್ಲದಾಗ ಅದೇ ಮಾತಿನಲ್ಲಿ ಗೊಣಗಿದರು. ಕಥೆ ಗೊತ್ತಿಲ್ಲದೆ ಅಲ್ಲ. ಅವರೂ ಕೂತು ತಮ್ಮ ತಮ್ಮ ವಚನ ಎಣಿಸುತ್ತಿದ್ದರೋ ಏನೋ. ಡಾಕ್ಟರ ಹತ್ತಿರ ಹೋದರೆ 'ನಿಮ್ಮ ಮನೆತನದಾಗ ಯಾರಿಗರೆ ಸಕ್ಕರಿ ಜಡ್ಡು ಐತೇನ್ರಿ?' ಎಂದು ಕೇಳುತ್ತಾರೆ, ನಾವೂ ಹೆದರಿ ಚಹಾಕ್ಕೆ ಸಕ್ಕರೆ ಬಿಡುತ್ತೇವೆ. 'ನಿಮ್ಮ ಮನೆತನದಾಗ ಯಾರರೆ ಮಾತು ಬಿಟ್ಟಿದ್ರೇನ್ರಿ?' ಎಂದು ಇದುವರೆಗೆ ಯಾವ ಡಾಕ್ಟರೂ ಕೇಳಿಲ್ಲ.

ಕೇಳಿದ್ದರೆ ನಾನೇನು ಹೇಳುತ್ತಿದ್ದೆ? ನನಗೊಬ್ಬ ತಮ್ಮನಿದ್ದಾನೆ, ಸಮುವೇಲ, ನಮ್ಮ ಸ್ಯಾಮು. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಮನೆ. ನಾನೂ ಅವನೂ ಮಾತಾಡಿ ಒಂಬತ್ತು ವರ್ಷ ಆಗಿತ್ತು. ಅವ್ವ ತೀರಿಕೊಂಡ ಮೇಲೆ ಅವಳ ಗೋರಿಯ ಕಲ್ಲಿಗೆ ಹಿರಿಯ ಮಗನಾದ ನನ್ನನ್ನು ಒಂದು ಮಾತೂ ಕೇಳದೆ ತಾನೇ ವಚನ ಆರಿಸಿ ಕೆತ್ತಿಸಿದ್ದ. ಮಾತು ಬಿಟ್ಟೆ. ಅವನೂ ಬಿಟ್ಟ. ಇದು ಅಜ್ಜನ ಪೇರಲ ಹಣ್ಣಿನಂಥ ಕ್ಷುಲ್ಲಕ ವಿಷಯವಲ್ಲ, ತತ್ವದ ಪ್ರಶ್ನೆ ಎಂದು ನಾನು ಸುಶೀಲಾಗೆ ಹೇಳುತ್ತಲೇ ಇದ್ದೆ. "ಹೌದ್ರಿ, ನಿಮ್ಮಜ್ಜನೂ ಹಂಗ ಅಂದಿರಬೇಕು" ಅನ್ನುತ್ತಿದ್ದಳು.

ಹೀಗಿರುವಾಗ ಮೊನ್ನೆಯೊಂದು ಭಾನುವಾರ ನಮ್ಮ ಇಬ್ಬರು ಹೆಣ್ಣುಮಕ್ಕಳೂ ಆರಾಧನೆ ಮುಗಿಸಿ ಊಟಕ್ಕೆ ಮನೆಗೆ ಬಂದರು. ದೊಡ್ಡವಳು ಎಸ್ತೇರ, ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿರುತ್ತಾಳೆ. ಸಣ್ಣವಳು ಶೀಲಾ, ಇಲ್ಲೇ ಧಾರವಾಡದಲ್ಲಿ. ಊಟಕ್ಕೆ ಕೂತು ಸ್ವಲ್ಪ ಹೊತ್ತಾಗಿತ್ತು. ಎಸ್ತೇರ ಅವಳ ಅವ್ವನಿಗೆ, "ಮಮ್ಮಿ, ಆ ಉಪ್ಪಿನಕಾಯಿ ಈ ಕಡೆ ಸರಸು ಅಂತ ಹೇಳು" ಅಂದಳು. ಉಪ್ಪಿನಕಾಯಿ ಶೀಲಾಳ ಕೈಯ ಪಕ್ಕದಲ್ಲೇ ಇತ್ತು. ಶೀಲಾ ತಟ್ಟೆಯಿಂದ ತಲೆ ಎತ್ತದೆ, "ಮಮ್ಮಿ, ಬೇಕಾದೋರು ಕೈ ಚಾಚಿ ತೊಗೋಬಹುದು ಅಂತ ಹೇಳು" ಅಂದಳು.

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಸುಶೀಲಾ ಚಮಚ ಕುಕ್ಕಿ, "ನಾ ಏನು ನಿಮ್ಮ ಮನಿತನದ ಆಡು ಅಂತ ತಿಳಕೊಂಡೀರೇನು?" ಅಂದಳು.

ವಿಚಾರಿಸಿದರೆ ವಿಷಯ ಇಷ್ಟು. ಶೀಲಾಳ ಮಗುವಿನ ದೀಕ್ಷಾಸ್ನಾನಕ್ಕೆ ಎಸ್ತೇರ ತಡವಾಗಿ ಬಂದಿದ್ದಳು. 'ಊಟದ ಹೊತ್ತಿಗೆ ಬರೋಬ್ಬರಿ ಬಂದ್ರು ನೋಡ್ರಿ' ಎಂದು ಶೀಲಾ ಯಾರ ಮುಂದೆಯೋ ಅಂದಿದ್ದಳಂತೆ, ಆ ಯಾರೋ ಎಸ್ತೇರಳಿಗೆ ಮುಟ್ಟಿಸಿದ್ದರಂತೆ. ಅಕ್ಕತಂಗಿ ಮಾತು ಬಿಟ್ಟು ಮೂರು ತಿಂಗಳು. ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಹೊದಿಕೆಗೆ ಎಳೆದಾಡಿ ಬೆಳೆದ ಮಕ್ಕಳು. ನಾಳೆ ನಾವಿಬ್ಬರೂ ಇಲ್ಲದಾಗ ಇವರು ಒಬ್ಬರಿಗೊಬ್ಬರು ಏನಾಗುತ್ತಾರೆ? ಇದನ್ನು ಇವತ್ತೇ ಕಿತ್ತೊಗೆಯಬೇಕು ಎಂದು, ಊಟವಾದ ಕೂಡಲೇ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡೆ. ಕನ್ನಡಕ ಹಾಕಿಕೊಂಡೆ. ಏಸಾವನೂ ಅವನ ತಮ್ಮ ಯಾಕೋಬನೂ ಇಪ್ಪತ್ತು ವರ್ಷದ ಮೇಲೆ ಎದುರಾಗಿ, ಕೊರಳಿಗೆ ಕೊರಳು ಹಾಕಿ ಅತ್ತ ಅಧ್ಯಾಯ ತೆಗೆದೆ. ಸೊಗಸಾಗಿ ವಿವರಿಸಿದೆ ಅಂತ ನನಗೇ ಅನ್ನಿಸಿತು. ಕೊನೆಗೆ ಅಜ್ಜನ ಕಥೆಯನ್ನೂ ಹೇಳಿ, ಅಪ್ಪನ ಹಾಗೆಯೇ ಕಣ್ಣು ಒರೆಸಿಕೊಂಡು, "ಹಂಗ ಆಗಬಾರದು ನೋಡ್ರವಾ" ಅಂದೆ.

ಎಸ್ತೇರ ನನ್ನನ್ನೇ ನೋಡುತ್ತಿದ್ದಳು. ಅವಳಲ್ಲಿ ಸಿಟ್ಟಿರಲಿಲ್ಲ. ಮೆಲ್ಲಗೆ ಕೇಳಿದಳು, "ಪಪ್ಪಾ, ನೀವು ಸ್ಯಾಮು ಕಾಕಾನ ಜೋಡಿ ಮಾತಾಡಿ ಎಷ್ಟು ವರ್ಷ ಆತು?"

ಪರರ ಹೆಂಡತಿಯನ್ನು ಕಿತ್ತುಕೊಂಡಿದ್ದ ದಾವೀದ ಅರಸನಿಗೆ ಹೀಗೇ ಆಗಿತ್ತು. ಬಡವನ ಒಂದೇ ಒಂದು ಕುರಿಮರಿಯನ್ನು ಸಾಹುಕಾರನೊಬ್ಬ ಕಿತ್ತುಕೊಂಡ ಕಥೆಯನ್ನು ಪ್ರವಾದಿ ನಾತಾನ ಅವನಿಗೆ ಹೇಳಿದ. ಅರಸ ಕೆಂಡವಾಗಿ, ಅಂಥವನಿಗೆ ಬದುಕುವ ಹಕ್ಕಿಲ್ಲ ಎಂದ. ಆ ಸಾಹುಕಾರ ನೀನೇ ಎಂದು ನಾತಾನ ಬೆರಳು ತೋರಿಸಿದ. ದಾವೀದನಿಗಾದರೂ ಕಥೆ ಹೇಳಲು ಬೇರೊಬ್ಬ ಬೇಕಾಗಿದ್ದ. ನಾನು ಕಥೆಯನ್ನೂ ನಾನೇ ಹೇಳಿ, ತೀರ್ಪನ್ನೂ ನಾನೇ ಕೊಟ್ಟು ಸಿಕ್ಕಿಬಿದ್ದಿದ್ದೆ. "ಅದು ಬ್ಯಾರೆ ವಿಷಯ ಬಿಡವಾ" ಅಂದೆ. ಅದಕ್ಕೆ ಅಕ್ಕತಂಗಿ ಇಬ್ಬರೂ ಒಟ್ಟಿಗೇ ನಕ್ಕರು. ಮೂರು ತಿಂಗಳಲ್ಲಿ ಅವರು ಕೂಡಿ ಮಾಡಿದ ಮೊದಲ ಕೆಲಸ ಅದು. ನಕ್ಕದ್ದು ಅರಿವಾದ ಕೂಡಲೇ ಮತ್ತೆ ಮುಖ ತಿರುಗಿಸಿಕೊಂಡರು.

ಮರುದಿನ ಬೆಳಗ್ಗೆ ನಾನು ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆ. ದಾರಿಯುದ್ದಕ್ಕೂ ತಮ್ಮನನ್ನು ಕ್ಷಮಿಸುವುದಕ್ಕೆ ಮೂರು ವಾಕ್ಯ ಸಿದ್ಧಮಾಡಿಕೊಂಡೆ. ನವನಗರ ದಾಟುವಷ್ಟರಲ್ಲಿ ನನ್ನ ದೊಡ್ಡತನಕ್ಕೆ ನನಗೇ ಕಣ್ಣು ತುಂಬಿ ಬಂದಿತ್ತು.

ಬಾಗಿಲು ತೆಗೆದವನನ್ನು ನೋಡಿ ಬೆಚ್ಚಿದೆ. ಅಪ್ಪನೇ ನಿಂತಿದ್ದ. ಅದೇ ಬೋಳು ಹಣೆ, ಅದೇ ಬಾಗಿದ ಬಲಭುಜ. ಒಂಬತ್ತು ವರ್ಷದಲ್ಲಿ ಸ್ಯಾಮು ಮುದುಕನಾಗಿದ್ದ, ನನಗೆ ಹೇಳದೆ. ಅವನು "ಬಾ" ಅಂದ, ಅಷ್ಟೇ. ಅವನ ಹೆಂಡತಿ ಸಂತೆಗೆ ಹೋಗಿದ್ದಳು, ತಾನೇ ಚಹಾ ಮಾಡಿ ತಂದ. ಎರಡು ಗುಟುಕು ಕುಡಿದು ನನ್ನ ಮೊದಲ ವಾಕ್ಯ ತೆಗೆದೆ. "ಆ ಕಲ್ಲಿನ ವಿಷಯ ನಾ ಇನ್ನ ಮನಸ್ಸಿನ್ಯಾಗ ಇಟಗೊಳ್ಳೂದಿಲ್ಲೋ ಸ್ಯಾಮು."

"ಯಾವ ಕಲ್ಲು?" ಅಂದ.

"ಅವ್ವನ ಗೋರಿ ಕಲ್ಲು. ನನ್ನ ಕೇಳದಂಗ ವಚನ ಬರಿಸಿದ್ಯಲ್ಲ."

"ಅದು ಅವ್ವನೇ ಬರದು ಕೊಟ್ಟಿದ್ದ ವಚನ. ದವಾಖಾನ್ಯಾಗ ಇದ್ದಾಗ. ನಿನಗೂ ಹೇಳಿರತಾಳ ಅನಕೊಂಡಿದ್ದೆ."

ನನ್ನ ಉಳಿದೆರಡು ವಾಕ್ಯಗಳಿಗೆ ಇನ್ನು ಕೆಲಸವಿರಲಿಲ್ಲ. "ಮತ್ತ ನೀ ಯಾಕ ಮಾತು ಬಿಟ್ಟಿ?" ಅಂದೆ.

ಅವನು ಕಪ್ಪನ್ನು ಕೆಳಗಿಟ್ಟ. "ಮಣ್ಣು ಮಾಡೋ ದಿನ ನಾ ಪ್ರಾರ್ಥನಿ ಮಾಡಾಕತ್ತಿದ್ದೆ. ಅಳಕೋತ ಮಾಡಾಕತ್ತಿದ್ದೆ. ಪ್ರವಾದಿ ಯೆಶಾಯ ಹೇಳಿದಂಗ ಅಂತ ಒಂದು ಮಾತು ಅಂದೆ. ನೀ ನಡುವ ಬಾಯಿ ಹಾಕಿ, ಯೆಶಾಯ ಅಲ್ಲ ಯೆರೆಮೀಯ ಅಂದಿ. ಎಲ್ಲಾರ ಮುಂದ. ಅವ್ವನ್ನ ಇನ್ನೂ ಕೆಳಗ ಇಳಿಸಿರಲಿಲ್ಲ ಅಣ್ಣಾ."

ನನಗೆ ನೆನಪೇ ಇರಲಿಲ್ಲ. ಒಂಬತ್ತು ವರ್ಷ ಅವನ ಎದೆಯಲ್ಲಿ ಮುರಿದುಕೊಂಡಿದ್ದ ಮುಳ್ಳು ನನಗೆ ಒಂದು ದಿನವೂ ಚುಚ್ಚಿರಲಿಲ್ಲ. ನಾನು ನನ್ನದೊಂದು ಯುದ್ಧ ಮಾಡುತ್ತಿದ್ದೆ, ಅವನು ಅವನದೊಂದು. ಇನ್ನೂ ನಾಚಿಕೆಯ ಮಾತು ಹೇಳಲೇ? ಅಂಥ ಹೊತ್ತಿನಲ್ಲೂ, ಅದು ಖರೇನೇ ಯೆರೆಮೀಯ ಇತ್ತೋ ಎಂಬ ಪ್ರಶ್ನೆ ಮಾಸ್ತರನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ನಾಲಿಗೆ ಕಚ್ಚಿ ಹಿಡಿದೆ. ಕ್ಷಮಿಸಲು ಬಂದವನಿಗೆ ಕ್ಷಮೆ ಕೇಳುವ ವಾಕ್ಯ ತಯಾರಿರಲಿಲ್ಲ. ಅಜ್ಜನೂ ಆ ಮೆಟ್ಟಿಲ ಮೇಲೆ ನನ್ನ ಹಾಗೆಯೇ ನಿಂತಿರಬೇಕು, ಮನ್ನಿಸುವ ಮಾತುಗಳನ್ನೇ ಬಾಯಿಪಾಠ ಮಾಡಿಕೊಂಡು.

"ತಪ್ಪಾತೋ ಸ್ಯಾಮು" ಅಂದೆ. ಮೂವತ್ತು ವರ್ಷ ಪಾಠ ಮಾಡಿದ ಗಂಟಲಿನಿಂದ ಆ ಎರಡು ಶಬ್ದ ಹೊರಡಿಸಲು ಎಷ್ಟು ಕಷ್ಟವಾಯಿತೆಂದು ನಿಮಗೆ ಹೇಗೆ ಹೇಳಲಿ.

"ಚಾ ಆರತೈತಿ, ಕುಡಿ" ಅಂದ. ತನ್ನ ಕಪ್ಪನ್ನೂ ಎತ್ತಿಕೊಂಡ. ಆಮೇಲೆ, "ಖರೇ ಹೇಳಲೇನು? ಅವತ್ತ ಮನಿಗೆ ಬಂದು ಬೈಬಲ್ ತಗದು ನೋಡಿದೆ. ಯೆರೆಮೀಯನೇ ಇತ್ತು. ಅದಕ್ಕ ಇನ್ನೂ ಜಾಸ್ತಿ ಸಿಟ್ಟು ಬಂತು" ಅಂದ. ಇಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ಅವನು ಅತ್ತ. ನಾನೂ ಅತ್ತೆ. ಸಂತೆಯಿಂದ ಬಂದ ಅವನ ಹೆಂಡತಿ ನಮ್ಮನ್ನು ನೋಡಿ, ಯಾರು ಸತ್ತರೆಂದು ಗಾಬರಿಯಾದಳು.

ಸುಶೀಲಾ ಈ ಸುದ್ದಿಯನ್ನು ಇಬ್ಬರು ಮಕ್ಕಳಿಗೂ ಫೋನಿನಲ್ಲಿ ಬೇರೆಬೇರೆಯಾಗಿ ಮುಟ್ಟಿಸಿದಳು. ನಾನು ಮಾತ್ರ ಅವರಿಗೆ ಮತ್ತೆ ಉಪದೇಶ ಮಾಡಲು ಹೋಗಲಿಲ್ಲ. ನಾಲ್ಕು ದಿನ ಏನೂ ಇಲ್ಲ. ಐದನೆಯ ದಿನ ಸಂಜೆ ಶೀಲಾ ಮನೆಗೆ ಬಂದವಳು, ಫೋನು ಬಂತೆಂದು ಪಡಸಾಲೆಗೆ ಹೋದಳು. ಸ್ವಲ್ಪ ಹೊತ್ತಿಗೆ ಕೂಗಾಟ ಶುರುವಾಯಿತು.

"ನಾ ಅಂದೆ, ಹೌದು ಅಂದೆ! ನೀ ಬರ್ತಿ ಅಂತ ಅಯ್ಯನವರನ್ನ ಅರ್ಧಾ ತಾಸು ನಿಲ್ಲಿಸಿದ್ದೆ ನಾ, ಗೊತ್ತೈತೇನು ನಿನಗ?" ಆ ಕಡೆಯಿಂದ ಎಸ್ತೇರಳ ದನಿಯೂ ಕೇಳಿಸುವಷ್ಟು ಜೋರಾಗಿತ್ತು. "ಗಾಡಿ ಪಂಕ್ಚರ್ ಆಗಿತ್ತು, ನಡಕೋತ ಬಂದೇನಿ! ನೀ ಒಂದು ಮಾತು ಕೇಳಿದಿ? ಊರ ಮಂದಿ ಮುಂದ ಹೇಳ್ತಿ, ನನಗ ಕೇಳಾಕ ಏನಾಗಿತ್ತು?"

ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿದರು. ಫೋನು ಕಸಿದುಕೊಳ್ಳಲು ಸುಶೀಲಾ ಎದ್ದಳು, ನಾನು ಅವಳ ಕೈ ಹಿಡಿದು ಕೂರಿಸಿದೆ. ನಾಲ್ಕು ತಲೆಮಾರಿನಲ್ಲಿ ಮೊದಲ ಸಲ ನಮ್ಮ ಮನೆತನದ ಇಬ್ಬರು ಒಬ್ಬರಿಗೊಬ್ಬರು ನೇರವಾಗಿ ಬಾಯಿ ಬಿಟ್ಟು ಜಗಳಾಡುತ್ತಿದ್ದರು. ದೇವರಿಗೆ ಸ್ತೋತ್ರ ಹೇಳಿ, ಒಂದು ಮಾತೂ ತಪ್ಪದೆ ಕೇಳಿಸಲೆಂದು ಫ್ಯಾನು ಬಂದ್ ಮಾಡಿ ಕೂತೆ.