ನಾನು ಬರೆದುಕೊಟ್ಟ ಸರ್ಟಿಫಿಕೇಟ್

ಜರ್, ಜರ್, ನಡುವೆ ಒಂದು ಸೀನು. ನಿಪ್ಪಾಣಿಯ ನಮ್ಮ ತಂಬಾಕಿನ ಗೋದಾಮಿನಲ್ಲಿ, ಇಲ್ಲಿಯವರ ಮಾತಿನಲ್ಲಿ ವಖಾರದಲ್ಲಿ, ಹೆಂಗಸರು ಸಾಲಾಗಿ ಕೂತು ಜರಡಿ ಹಿಡಿಯುತ್ತಿದ್ದರೆ, ಮಹಡಿಯ ಮೇಲಿದ್ದ ನನಗೆ ಅವರಲ್ಲಿ ಒಬ್ಬಾಕೆಯ ಸೀನು ಮಾತ್ರ ಬೇರೆಯಾಗಿ ಕೇಳುತ್ತಿತ್ತು.

ನಮ್ಮಲ್ಲಿ ಕೆಲಸಕ್ಕೆ ಕರೆಯುವುದೂ ಬಾಯಿಮಾತಿನಲ್ಲೇ, ಬಿಡಿಸುವುದೂ ಹಾಗೆಯೇ. ಜರಡಿಯ ಮಷಿನ್ ಬಂದ ವಾರ, ಆಳುಗಳನ್ನು ನೋಡಿಕೊಳ್ಳುವ ಮುಕಾದಮ ಆಕೆಗೆ, "ನಾಳಿಂದ ಬರಬ್ಯಾಡ" ಅಂದನಂತೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ವಖಾರ ನನ್ನ ಹೆಸರಿನಲ್ಲಿದೆ. ಆದರೂ ನನಗೆ ತಿಳಿದದ್ದು ಚಿಕ್ಕೋಡಿಯ ಲೇಬರ್ ಆಫೀಸಿನಿಂದ ನೋಟಿಸ್ ಬಂದಾಗ. ಆಕೆ ತನ್ನ ಕೆಲಸ ವಾಪಸ್ ಕೇಳಿದ್ದಳು.

"ಕಾಯ್ದೆ ಬದಲಾಗೇತ್ರಿ," ಎಂದರು ನಮ್ಮ ವಕೀಲರು. "ಈಗ ಎಲ್ಲಾರಿಗೂ ಅಪಾಯಿಂಟ್‌ಮೆಂಟ್ ಲೆಟರ್ ಕೊಡಬೇಕು. ನೀವು ಒಬ್ಬರಿಗೂ ಕೊಟ್ಟಿಲ್ಲ. ಆಕಿ ನಮ್ಮ ಕೆಲಸದಾಕಿನ ಅಂತ ಒಪ್ಪಿದ್ರ ನಾಳೆ ಉಳಿದವ್ರೂ ಬಂದು ನಿಲ್ತಾರ. ಹಾಜರಿ ಬುಕ್ಕಿನ್ಯಾಗ ಆಕಿ ಹೆಸರಿಲ್ಲ. ಸುಮ್ಮನ ಇರ್ರಿ."

ಆಫೀಸಿನಲ್ಲಿ ಆಕೆ ಪ್ಲಾಸ್ಟಿಕ್ ಚೀಲದಿಂದ ಒಂದು ಕಾಗದ ತೆಗೆದಳು. ನನ್ನದೇ ಕರ್ಸಿವ್ ಅಕ್ಷರ! ಹಿಂದೆ ಆಕೆಯ ಮಗಳಿಗೆ ಹಾಸ್ಟೆಲ್ ಸೀಟು ಬೇಕಾದಾಗ ಬರೆದುಕೊಟ್ಟ ಸರ್ಟಿಫಿಕೇಟ್. 'ಟು ಹೂಮ್‌ಸೊಎವರ್ ಇಟ್ ಮೇ ಕನ್ಸರ್ನ್' ಎಂದು ಶುರು. ಕಾನ್ವೆಂಟಿನ ಸಿಸ್ಟರ್ ನೋಡಿದ್ದರೆ 'ವೆರಿ ಗುಡ್' ಅನ್ನುತ್ತಿದ್ದರೇನೋ ಎಂದು ಅವತ್ತು ನಾನೇ ಎರಡು ಸಲ ಓದಿಕೊಂಡಿದ್ದೆ.

"ಇದು ನಿಮ್ಮ ಅಕ್ಷರ ಏನ್ರಿ?" ಎಂದು ಲೇಬರ್ ಆಫೀಸಿನ ಸಾಹೇಬರು ಕೇಳಿದರು. ವಕೀಲರು ಕೆಮ್ಮಿದರು.

"ಐ ಡೋಂಟ್ ರಿಕಲೆಕ್ಟ್," ಎಂದೆ. ಕನ್ನಡದಲ್ಲಿ ಆ ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ.

"ಏನಂದ್ರು ಬಾಯಾರು?" ಆಕೆ ನನ್ನತ್ತ ಕೈ ತೋರಿಸಿ ಸಾಹೇಬರನ್ನು ಕೇಳಿದಳು.

"ನೆನಪಿಲ್ಲಂತ."

ಮುಂದಿನ ತಾರೀಖಿಗೆ ವಕೀಲರಿಗೆ ಹೇಳದೆ ನಾನೊಬ್ಬಳೇ ಹೋಗಿ, ಅಕ್ಷರ ನನ್ನದೇ ಎಂದೆ. ಆಕೆ ಬಂದಿರಲಿಲ್ಲ. ಕೇಸು ಬಿಟ್ಟು ಶೇಡಬಾಳದ ಕಡೆ ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗುತ್ತಿದ್ದಾಳೆ ಎಂದರು ಆಫೀಸಿನವರು. ಹೇಳಿ ಕಳಿಸಿದೆ, ಎರಡು ಸಲ. ಬರಲಿಲ್ಲ. ಈಗಲೂ ಕೂತಲ್ಲಿ ಕೂರಲಾರೆ, ಎದ್ದು ಮಹಡಿಯ ಕಿಟಕಿಗೆ ಹೋಗುತ್ತೇನೆ. ಕೆಳಗೆ ಮಷಿನ್ ಒಂದೇ ಸಮನೆ ಗುರ್ರೆನ್ನುತ್ತಿರುತ್ತದೆ.

ಹಾಗಾಗಿ ಆಕೆಯನ್ನು ಕಡೆಯ ಸಲ ನೋಡಿದ್ದು ನಾನು ಸುಳ್ಳು ಹೇಳಿದ ದಿನವೇ, ಆಫೀಸಿನ ಗೇಟಿನಲ್ಲಿ. ವಕೀಲರು ಕಾರು ತರಲು ಹೋಗಿದ್ದರು. ಆಕೆ ನೇರವಾಗಿ ನನ್ನ ಹತ್ತಿರವೇ ಬಂದಳು.

"ಬಾಯಾರ, ಇದರಾಗ ಏನ ಬರದೀರಿ, ಓದ್ರಿ. ಮಗಳು ಹೇಳ್ಯಾಳ. ನಿಮ್ಮ ಬಾಯಿಲೆ ಒಮ್ಮೆ ಕೇಳ್ತೀನಿ."

ಕನ್ನಡಕ ಹಾಕಿಕೊಂಡು ಕನ್ನಡದಲ್ಲೇ ಓದಿದೆ. ಈಕೆ ಎಂಟು ವರ್ಷಗಳಿಂದ ನಮ್ಮ ವಖಾರದಲ್ಲಿ ಕೆಲಸ ಮಾಡುತ್ತಾಳೆ. ಪ್ರಾಮಾಣಿಕಳು. ನಾನು ಈಕೆಯನ್ನು ಚೆನ್ನಾಗಿ ಬಲ್ಲೆ.

"ಕೆಳಗ ಸಹಿ ಐತಲ್ರಿ, ಅದನ್ನೂ ಓದ್ರಿ."

ನನ್ನ ಹೆಸರು ಓದಿದೆ. ಆಕೆ ಕಾಗದವನ್ನು ಹಳೆಯ ಮಡಿಕೆಯಲ್ಲೇ ಮಡಚಿ ಚೀಲಕ್ಕೆ ಹಾಕಿಕೊಂಡು, ಬೇಡಕಿಹಾಳದ ಬಸ್ಸಿಗೆ ಕೈ ಮಾಡುತ್ತ ಓಡಿದಳು.