ಅಂಚೆ ಕಟ್ಟಡಕ್ಕೆ ಆತುಕೊಂಡ ಚಹದಂಗಡಿ

ಹಳೆಯ ಅಂಚೆ ಕಟ್ಟಡದ ಗೋಡೆಗೆ ಬೆನ್ನು ಕೊಟ್ಟು ನಿಂತಿರುವ ಚಹದಂಗಡಿಯ ಒಡತಿಯನ್ನು ಬೀದಿಯವರೆಲ್ಲ ಸಿಡುಕಕ್ಕ ಎನ್ನುತ್ತಾರೆ. ಎದುರಿಗೇ ಎನ್ನುತ್ತಾರೆ, ಅವಳೂ ಓಗೊಡುತ್ತಾಳೆ. ಸಕ್ಕರೆ ಕಮ್ಮಿಯಾಯಿತು ಎಂದವನಿಗೆ, "ನಿನ್ನ ಬಾಯಿಗೂ ಒಂದು ಚಮಚ ಹಾಕಲಾ?" ಎಂದು ಕೇಳುತ್ತಾಳೆ. ಆದರೂ ಗಿರಾಕಿಗಳು ತಪ್ಪಿಲ್ಲ. ಬೈಗುಳ ಬಿಟ್ಟಿ ಕೊಟ್ಟು ಚಹಕ್ಕೆ ಮಾತ್ರ ದುಡ್ಡು ಕೇಳುವ ಅಂಗಡಿ ಬೇರೆಲ್ಲಿ ಸಿಗಬೇಕು?

ಅಂಗಡಿ ಹಾಕಿದವಳು ಅವಳ ತಾಯಿ. ತಾಯಿಯ ನಂತರ ಒಲೆಯೂ ಸಿಡುಕೂ ಮಗಳ ಪಾಲಿಗೆ ಬಂದವು. ತಮ್ಮ ಓದಿ ಲಾಯರ್ ಆದ. ಓದಿಸಿದ ಒಲೆಯ ಮುಂದೆ ಹಾದುಹೋಗುವಾಗ ಅವನಿಗೆ ಯಾವಾಗಲೂ ಫೋನ್ ಬರುತ್ತಿತ್ತು.

ಕಟ್ಟಡ ಉಳಿಸುವ ಸಮಿತಿಗೆ ಈಗ ಅವನೇ ಅಧ್ಯಕ್ಷ. ನಿಧಿ ಕೂಡಿಸಲು ಸಂಜೆಯ ಕಾರ್ಯಕ್ರಮ ಗೊತ್ತಾದ ವಾರವೇ ಅಂಗಡಿಗೆ ಬಂದ. ಸೋರುವ ತಗಡನ್ನು ಬದಲಿಸಲೆಂದು ಅಕ್ಕ ತಂದಿಟ್ಟ ಹೊಸ ತಗಡುಗಳು ಗೋಡೆಗೆ ಒರಗಿದ್ದವು.

"ಅದನ್ನ ವಾಪಸ್ ಕೊಟ್ಟುಬಿಡು ಅಕ್ಕ. ಕಾರ್ಯಕ್ರಮ ಆದ ಮಾರನೇ ದಿನ ಇಲ್ಲಿಂದ ಎದ್ದುಬಿಡಬೇಕು. ಇತಿಹಾಸದ ಮುಂದೆ ಈ ಗೂಡಂಗಡಿ ಚೆನ್ನಾಗಿ ಕಾಣಲ್ಲ. ಬಸ್ ನಿಲ್ದಾಣದ ಹಿಂದೆ ಜಾಗ ಕೊಡಿಸ್ತೀನಿ."

"ಅಲ್ಲಿಗೆ ನಾಯಿನೂ ಬರಲ್ಲ ಕಣೋ. ಈ ಒಲೆ ಮೇಲೆ ಚಹ ಕುದ್ದಿದ್ದಕ್ಕೇ ನಿನ್ನ ಮೈಮೇಲೆ ಕರೀ ಕೋಟು ಬಂದಿದ್ದು."

"ಅದನ್ನೇ ಇನ್ನೆಷ್ಟು ವರ್ಷ ಕುದಿಸ್ತೀಯ?"

"ನೀನು ಬೇಯೋವರೆಗೂ."

ಕಾರ್ಯಕ್ರಮದ ದಿನ ಬ್ಯಾನರ್ ಅಂಗಡಿಯವನು ಚಹಕ್ಕೆ ಬಂದು ಗುಟ್ಟು ಬಿಚ್ಚಿದ. ಕಟ್ಟಡದ ಅತಿ ಹಳೆಯ ಫೋಟೋವನ್ನು ವೇದಿಕೆಯ ಹಿಂದಿನ ಪರದೆಯಾಗಿ ಗೋಡೆಯಷ್ಟು ದೊಡ್ಡದು ಮಾಡಿಸಿದ್ದರು. "ಮೂಲೆಯ ಅಂಗಡಿ ಕತ್ತರಿಸು ಅಂದ್ರು ನಿಮ್ಮ ತಮ್ಮ. ಅದನ್ನ ಕತ್ತರಿಸಿದ್ರೆ ಕಟ್ಟಡದ ಬಾಗಿಲೇ ಹೋಗುತ್ತೆ ಅಂದೆ. ಹಾಗಾದ್ರೆ ಬಿಡು, ಅಲ್ಲಿ ದೇಣಿಗೆ ಪೆಟ್ಟಿಗೆ ಇಡ್ತೀವಿ ಅಂದ್ರು."

ಸಿಡುಕಕ್ಕ ಅವನಿಗೆ ಇನ್ನೊಂದು ಗ್ಲಾಸು ಕೊಟ್ಟಳು. ಬೈಯಲಿಲ್ಲ. ಅವನಿಗೆ ಭಯವಾದದ್ದು ಆಗಲೇ.

ಸಂಜೆ ಅಂಗಳ ತುಂಬಿತ್ತು. ದೇಣಿಗೆ ಕೊಡುವವರು ಒಬ್ಬೊಬ್ಬರಾಗಿ ವೇದಿಕೆ ಹತ್ತಿ, ಆಳೆತ್ತರದ ಪೆಟ್ಟಿಗೆಗೆ ಕೈಯಾರೆ ಹಾಕಿ, ಚಪ್ಪಾಳೆ ತೆಗೆದುಕೊಂಡು ಇಳಿಯುವ ಏರ್ಪಾಡು. ಅಷ್ಟು ದೊಡ್ಡ ಪೆಟ್ಟಿಗೆಯನ್ನು ಅಷ್ಟು ಮೂಲೆಗೆ ಏಕೆ ಇಟ್ಟಿದ್ದಾರೆಂದು ಯಾರೂ ಕೇಳಲಿಲ್ಲ. ಸಿಡುಕಕ್ಕನೂ ಸಾಲಿನಲ್ಲಿ ನಿಂತು ಮೇಲೆ ಹತ್ತಿದಳು. ಒಂದು ನಾಣ್ಯ ಹಾಕಿದಳು. ಆಮೇಲೆ ಸೊಂಟ ಕೊಟ್ಟು ಪೆಟ್ಟಿಗೆಯನ್ನು ಪಕ್ಕಕ್ಕೆ ನೂಕಿಬಿಟ್ಟಳು.

ಪರದೆಯ ಮೇಲೆ ಅವಳ ತಾಯಿ ಕಂಡಳು. ಕೈಯಲ್ಲಿ ಸೌಟು, ಫೋಟೋ ತೆಗೆಯುವವನನ್ನೇ ಬಡಿದುಬಿಡುವಂಥ ಮುಖ. ಪರದೆಯ ಮುಂದೆ ನಿಂತ ಮಗಳದೂ ಅದೇ ಮುಖ. ತಾಯಿಯ ಪಕ್ಕದಲ್ಲಿ ಚಡ್ಡಿಯಿಲ್ಲದ ಪುಟ್ಟ ಪೋರನೊಬ್ಬ ಗ್ಲಾಸು ಹಿಡಿದು ಹಲ್ಲುಕಿರಿಯುತ್ತಿದ್ದ.

"ಅಮ್ಮನ ಮುಖಕ್ಕೆ ಡಬ್ಬಿ ಅಡ್ಡ ಇಡ್ತೀಯೇನೋ?" ಎಂದಳು. ಮೈಕು ಅವಳಿಗೆ ಬೇಕಾಗಿರಲಿಲ್ಲ.

"ಪಕ್ಕದಲ್ಲಿರೋದು ಯಾರಕ್ಕ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ನಿಮ್ಮ ಅಧ್ಯಕ್ಷರು! ಆವಾಗ ಮುಚ್ಚಿಕೊಳ್ಳೋಕೆ ಏನೂ ಇರಲಿಲ್ಲ, ಈಗ ಪೆಟ್ಟಿಗೆ ಸಿಕ್ಕಿದೆ."

ಅಂಗಳವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ದೊಡ್ಡ ದೇಣಿಗೆ ಕೊಡುವುದಾಗಿ ಮಾತು ಕೊಟ್ಟಿದ್ದ ಮರದ ವ್ಯಾಪಾರಿ ಮಾತ್ರ ನಗಲಿಲ್ಲ. ಮುಂದಿನ ಸಾಲಿನಿಂದ ಎದ್ದು ನಿಂತ. "ಲಾಯರೇ, ಫೋಟೋದಲ್ಲಿ ಅಂಗಡಿ ಇದೆ. ಅದನ್ನ ಕಿತ್ತು ಹಾಕ್ತೀರಿ ಅಂತ ಕೇಳಿದೆ. ಹಾಗಿದ್ರೆ ನನ್ನ ದುಡ್ಡು ನನ್ನ ಜೇಬಲ್ಲೇ ಇರಲಿ."

ಲಾಯರ್ ಲಾಯರೇ. ಕಿವಿವರೆಗೂ ಕೆಂಪಾದವನು ನೀರು ಕುಡಿದು ಮೈಕು ಹಿಡಿಯುವಷ್ಟರಲ್ಲಿ ಪಕ್ಷ ಬದಲಿಸಿದ್ದ. "ಕಿತ್ತು ಹಾಕೋದಾ? ಎಲ್ಲಾದರೂ ಉಂಟೆ! ಈ ಅಂಗಡಿಯೂ ನಮ್ಮ ಇತಿಹಾಸವೇ. ಇದರ ಒಂದು ಮೊಳೆಯನ್ನೂ ಯಾರೂ ಅಲುಗಿಸುವಂತಿಲ್ಲ." ಚಪ್ಪಾಳೆ ಬಿತ್ತು, ಮರದ ವ್ಯಾಪಾರಿಯ ಕೈ ಜೇಬಿನಿಂದ ಹೊರಬಂತು. ಲಾಯರ್ ಅಕ್ಕನ ಕಡೆ ತಿರುಗಿ ನಕ್ಕ. ಆ ನಗುವಿನಲ್ಲಿ ಏನೋ ಇದೆಯೆಂದು ಅವಳಿಗೆ ಆಗಲೇ ಅನುಮಾನ ಬಂತು.

ಮಾರನೇ ಬೆಳಿಗ್ಗೆ ಅವಳು ಹಳೆಯ ತಗಡು ಬಿಚ್ಚಿಸಲು ಏಣಿ ಇಡಿಸುವ ಹೊತ್ತಿಗೆ ಅವನು ಹಾಜರಾದ.

"ಆ ಮೊಳೆ ಮುಟ್ಟಬೇಡ ಅಕ್ಕ. ಅಮ್ಮನ ಕಾಲದ ತಗಡು ಅದು, ಫೋಟೋದಲ್ಲಿದೆ. ಊರೆದುರಿಗೆ ತೀರ್ಮಾನ ಆಗಿದೆ."

"ಸೋರುತ್ತೆ ಕಣೋ!"

"ಸೋರಲಿ. ಅಮ್ಮನ ಕಾಲದಲ್ಲೂ ಸೋರ್ತಿತ್ತು."

ಅಂಗಡಿ ಉಳಿಯಿತು, ತೂತುಗಳೂ ಉಳಿದವು. ಹೊಸ ತಗಡುಗಳು ಇಂದಿಗೂ ಗೋಡೆಗೆ ಒರಗಿಯೇ ಇವೆ. ಅವಳೇನಾದರೂ ಬದಲಿಸಿದಳೇ ಎಂದು ನೋಡಲು ತಮ್ಮ ಈಗ ದಿನವೂ ಬರುತ್ತಾನೆ. ಆ ಹೊತ್ತಿಗೆ ಫೋನೂ ಬರುವುದಿಲ್ಲ. ಮಳೆ ಬಿದ್ದ ದಿನ ಸಿಡುಕಕ್ಕ ಬೆಂಚನ್ನು ಸರಿಯಾಗಿ ದೊಡ್ಡ ತೂತಿನ ಕೆಳಗೆ ಎಳೆದಿಡುತ್ತಾಳೆ.

"ಬಾರೋ ಅಧ್ಯಕ್ಷ, ಕೂತ್ಕೋ. ಕೊಡೆ ಬಿಚ್ಚಬೇಡ, ಅದು ಫೋಟೋದಲ್ಲಿಲ್ಲ."