ಕ್ಷೌರಕ್ಕೆ ನ್ಯೂವಾರ್ಕಿಗೆ ಹೋಗುತ್ತಿದ್ದವರು

ಪಕ್ಕದ ಮನೆಯ ಅಂಕಲ್ ಸ್ಕೇಲ್ ಇಲ್ಲದೆ ಗೆರೆ ಎಳೆಯುತ್ತಿದ್ದರು. ಬಲಗೈ ಕಿರುಬೆರಳನ್ನು ಕಾಗದದ ಮೇಲೆ ಊರಿ ಸರ್ರನೆ ಜಾರಿಸಿದರೆ ಸಾಕು. ಆ ಬೆರಳಿನ ಅಂಚು ಪೆನ್ಸಿಲ್ ಪುಡಿ ಕುಡಿದು ಗಟ್ಟಿಯಾಗಿತ್ತು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ಅಮೆರಿಕದ ವುಡ್‌ಬ್ರಿಡ್ಜಿನಲ್ಲಿ ನಮ್ಮವರು ಯಾರೂ ಇಲ್ಲದ ಕಾಲದಲ್ಲೇ ಬಂದು, ಹೈವೇ ನಕ್ಷೆ ಬರೆಯುವ ಕೆಲಸದಲ್ಲಿ ರಿಟೈರ್ ಆದವರು.

ನಾನಾಗ ಹೈಸ್ಕೂಲು. ಸುತ್ತಲಿನ ಅಪಾರ್ಟ್‌ಮೆಂಟುಗಳೆಲ್ಲ ವೈಟುಕೆಯ ಕಂಪ್ಯೂಟರ್ ಕೆಲಸಕ್ಕೆ ಊರಿನಿಂದ ಬಂದ ಹುಡುಗರಿಂದ ತುಂಬಿದ್ದವು. ಅಂಕಲ್ ತಿಂಗಳಿಗೊಂದು ಶನಿವಾರ ಡಬ್ಬಿಯಲ್ಲಿ ಕೋಡುಬಳೆ ತುಂಬಿಕೊಂಡು ಕ್ಷೌರಕ್ಕೆ ನ್ಯೂವಾರ್ಕಿಗೆ ಹೊರಡುವುದು ಎಲ್ಲರಿಗೂ ತಮಾಷೆ.

"ಇರೋದೇ ನಾಲ್ಕು ಕೂದ್ಲು, ಅದಕ್ಕೆ ಅಷ್ಟು ದೂರ ಡ್ರೈವ್ ಮಾಡ್ಬೇಕಾ?" ಎಂದು ಅಮ್ಮ ಕೆಣಕುವಳು.

"ನಾಲ್ಕೇ ಇರೋದಲ್ವೇನಮ್ಮ, ಹುಷಾರಾಗಿ ಕತ್ತರಿಸೋರು ಬೇಕು."

ಆ ವರ್ಷ ನಮ್ಮ ಡಿಬೇಟಿನ ವಿಷಯ ಹೈವೇಗಳು. ರಸ್ತೆಗೆ ಜನಾಂಗ ಗೊತ್ತಿಲ್ಲ, ಜಮೀನು ಅಗ್ಗವಿದ್ದ ಕಡೆ ಹೋಗುತ್ತದೆ ಎಂದು ಅವರೆದುರು ವಾದಿಸಿದೆ. ಅಗ್ಗ ಯಾಕಿತ್ತು ಎಂದು ಕೇಳಿದರು. ಆ ಶನಿವಾರ ಜೊತೆಗೆ ಕರೆದೊಯ್ದರು.

ಕ್ಷೌರದಂಗಡಿಯ ಎದುರಿಗೇ ಹೈವೇಯ ಕಾಂಕ್ರೀಟ್ ಗೋಡೆ; ಬೀದಿ ಅಲ್ಲಿಗೆ ಮುಗಿದಿತ್ತು. ಕಾರಿನಲ್ಲೇ ಕೂತು ಅಂಕಲ್ ಹೇಳಿದರು. ಮೇಲಿನವರು ಕೊಟ್ಟ ಗೆರೆಯನ್ನು ನಕ್ಷೆಗೆ ಇಳಿಸಿದವರು ಅವರೇ. ಬಿಳಿಯರ ಬಡಾವಣೆ ಬಂದಾಗ ಗೆರೆ ಅದನ್ನು ಸುತ್ತಿ ಬಳಸಿಕೊಂಡು ಹೋಗಿತ್ತು. ಕಪ್ಪು ಜನರ ಬೀದಿಯಲ್ಲಿ ನೆಟ್ಟಗೆ ನುಗ್ಗಿತ್ತು. ನಕ್ಷೆಯಲ್ಲಿ ಮನೆಗಳೆಂದರೆ ಚಿಕ್ಕ ಚೌಕಗಳು, ರಬ್ಬರಿನಿಂದ ಉಜ್ಜಿದ್ದೂ ಅವರೇ. ಇಷ್ಟು ವರ್ಷದ ಸ್ನೇಹದಲ್ಲಿ ಕ್ಷೌರ ಮಾಡುವ ಕಪ್ಪು ಅಜ್ಜನಿಗೆ ಇದನ್ನು ಹೇಳಿರಲಿಲ್ಲ.

"ಹೇಳ್ದೆ ಬರ್ತಿರೋದು ಮೋಸ ಅಲ್ವಾ ಅಂಕಲ್?" ಎಂದೆ. ವಾದ ಗೆಲ್ಲುವ ಚಟ.

"ಹೇಳಿದ್ರೆ ಇನ್ನು ಬರೋಕಾಗಲ್ಲ ಪುಟ್ಟ."

ಆದರೂ ಒಳಗೆ ಹೋಗಿ, ಕುರ್ಚಿಯಲ್ಲಿ ಕೂರದೆ, ನಿಂತೇ ಎಲ್ಲ ಹೇಳಿದರು. ಅಜ್ಜ ಕತ್ತರಿ ಕೆಳಗಿಟ್ಟರು. ತಮ್ಮ ತಾಯಿಯ ಮನೆ ಆ ಗೋಡೆಯ ಜಾಗದಲ್ಲಿತ್ತು ಎಂದರು. ಇವತ್ತು ತನಗೆ ಕೈ ಬರುವುದಿಲ್ಲ, ಹೊರಡು ಎಂದರು.

ದಾರಿಯಲ್ಲಿ ಅಂಕಲ್ ನನ್ನನ್ನು ಬೈಯಲಿಲ್ಲ. ಮುಂದಿನ ತಿಂಗಳು ಮತ್ತೆ ಹೋದರು. ಬೆಂಚಿನ ಮೇಲೆ ಕೂತು, ಅಜ್ಜ ಕರೆಯಲಿಲ್ಲವೆಂದು ಎದ್ದು ಬಂದರು. ಹೀಗೆ ಮೂರು ಸಲ. ನಾಲ್ಕನೆಯ ಸಲ ಅಜ್ಜ ಖಾಲಿ ಕುರ್ಚಿಯನ್ನು ಅವರ ಕಡೆ ತಿರುಗಿಸಿದರಂತೆ.

ನಾನು ಕಾಲೇಜಿನಲ್ಲಿದ್ದಾಗ ಅಂಕಲ್ ತೀರಿಕೊಂಡರು. ಅಂತ್ಯಕ್ರಿಯೆಗೆ ಅಜ್ಜ ಎರಡು ಬಸ್ಸು ಬದಲಿಸಿ ಬಂದಿದ್ದರು. ನನಗೆ ಸುಮ್ಮನಿರಲಾಗಲಿಲ್ಲ, ಅವರನ್ನು ಕ್ಷಮಿಸಿದಿರಾ ಎಂದು ಕೇಳಿಯೇಬಿಟ್ಟೆ.

"ನನ್ನ ಬೀದಿ ಕೆಡವಿದವರು ಬಹಳ ಜನ ಮಗೂ. ಬಂದು ಬೆಂಚಿನ ಮೇಲೆ ಕೂತವನು ಇವನೊಬ್ಬನೇ."